ಗೀಟು ಬಿದ್ದ ತೂತು

ಬಿಟ್ಟದ್ದು ಆರು ಬಾಣ, ಹಲಗೆಯಲ್ಲಿದ್ದದ್ದು ಐದು. ಸೊಸೆ ಮತ್ತೊಮ್ಮೆ ಎಣಿಸಿದಳು. ಎಷ್ಟು ಸಲ ಎಣಿಸಿದರೂ ಐದು ಐದೇ.

ಮೂರು ಸೀಟಿ ಊದಿಯಾಗಿತ್ತು. ಮೂರು ಸೀಟಿ ಎಂದರೆ ಎಲ್ಲರೂ ಬಿಲ್ಲು ಕೆಳಗಿಟ್ಟು, ಓಡದೆ ನಡೆದುಹೋಗಿ, ತಮ್ಮ ತಮ್ಮ ಗುರಿಹಲಗೆಯಿಂದ ಬಾಣ ಕೀಳಬಹುದು ಎಂದರ್ಥ. ಪಕ್ಕದ ಹಲಗೆಯ ದಂತವೈದ್ಯೆ ಆಗಲೇ ಒಂದು ಕೈ ಹಲಗೆಗೆ ಒತ್ತಿಟ್ಟು, ಹಲ್ಲು ಕೀಳುವಷ್ಟೇ ಹುಷಾರಾಗಿ ತನ್ನ ಬಾಣವನ್ನು ನೇರ ಎಳೆಯುತ್ತಿದ್ದಳು.

"ನಂದೊಂದು ಕಾಣಿಸ್ತಿಲ್ಲ," ಎಂದಳು ಸೊಸೆ.

"ಪರದೆ ಹರಿದಿದೆಯಲ್ಲ, ಅಲ್ಲಿಂದ ನುಸುಳಿರಬೇಕು. ಹೋದ ವಾರ ನಂದೂ ಹಂಗೇ ಹೋಗಿತ್ತು. ಹಿಂದೆ ನೋಡಿ."

ಹಲಗೆಗಳ ಹಿಂದೆ ಗೋಡೆಯಿಂದ ಗೋಡೆಗೆ ದಪ್ಪ ಬಲೆಯ ಪರದೆ ಇಳಿಬಿಟ್ಟಿತ್ತು. ಸೊಸೆಯ ಹಲಗೆಯ ಪಕ್ಕದಲ್ಲೇ ಅದು ಮೊಳದಷ್ಟು ಹರಿದಿತ್ತು. ಅವಳು ಪರದೆ ಎತ್ತಿ ಬಗ್ಗಿ ಒಳಗೆ ಹೋದಳು. ಅದು ಇಕ್ಕಟ್ಟಾದ ಓಣಿ. ಒಂದು ಕಡೆ ಫ್ಯೂಸ್ ಪೆಟ್ಟಿಗೆ, ಇನ್ನೊಂದು ಕಡೆ ಉಗ್ರಾಣದ ಬಾಗಿಲು. ಅವಳಿಗೆ ಮೊದಲು ಕಂಡದ್ದು ತನ್ನ ಬಾಣದ ಗರಿ. ಗುರುತಿಗೆಂದು ಗರಿಯ ಕೆಳಗೆ ಹಸಿರು ನೂಲು ಸುತ್ತಿಕೊಟ್ಟವರು ಅವಳ ಅತ್ತೆ. ಆ ಹಸಿರು ನೂಲು ಸುಳ್ಳು ಹೇಳುವಂತಿರಲಿಲ್ಲ. ಆಮೇಲೆ ಆ ಬಾಣ ಎಲ್ಲಿ ನಾಟಿದೆ ಎಂಬುದು ಕಂಡಿತು.

ಬಿಲ್ಲು ಕಲಿಸುವ ಮಾಸ್ತರು ಫ್ಯೂಸ್ ಪೆಟ್ಟಿಗೆಯ ಕೆಳಗೆ ಗೋಡೆಗೆ ಒರಗಿ ಕುಸಿದಿದ್ದರು. ಬಾಣ ಅವರ ಕುತ್ತಿಗೆಯಲ್ಲಿತ್ತು. ಕಣ್ಣು ತೆರೆದೇ ಇತ್ತು.

ಸೊಸೆ ಕಿರುಚಲಿಲ್ಲ. "ನಾನು ಮಾಸ್ತರನ್ನ ಕೊಂದೆ," ಎಂದಳು, ಪಾಠ ಒಪ್ಪಿಸುವವಳ ಹಾಗೆ. ಪೊಲೀಸರು ಬರುವವರೆಗೂ ಅವಳ ಬಾಯಲ್ಲಿ ಬೇರೆ ಮಾತೇ ಹೊರಡಲಿಲ್ಲ.

ಅವಳನ್ನು ಬಿಲ್ಲುಗಾರಿಕೆ ಕ್ಲಬ್ಬಿನ ಆ ಶೆಡ್ಡಿಗೆ ಕಳಿಸಿದ್ದು ಅತ್ತೆಯೇ. ಮೂವತ್ತು ವರ್ಷ ದೊಡ್ಡ ಹೊಲಿಗೆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮುಂದೆ ನಿಂತು ನಿವೃತ್ತರಾದ ಆ ಹೆಂಗಸಿಗೆ ಕತ್ತರಿಯಷ್ಟೇ ನಾಲಿಗೆಯೂ ಚೂಪು. ಬೀದಿಯಲ್ಲಿ ಏನು ಕಳೆದರೂ, ಯಾರು ಸುಳ್ಳು ಹೇಳಿದರೂ ಜನ ಅವರ ಬಳಿ ಬರುತ್ತಿದ್ದರು. ಆದ್ದರಿಂದ ಊರಿಗೆಲ್ಲ ಅವರು 'ಪತ್ತೆ ಅತ್ತೆ'. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಮನೆಯಲ್ಲಿ ಎರಡೂ ಕಾಲ ಅತ್ತೆಯದೇ ಎಂದು ಸೊಸೆ ನಗುತ್ತಲೇ ಹೇಳುತ್ತಿದ್ದಳು. ಹೊಲಿಗೆ ಯಂತ್ರದ ಮುಂದೆ ಕೂತು ಕೂತು ಅವಳ ಬೆನ್ನು ಬಾಗಿದ್ದನ್ನು ಕಂಡ ಅತ್ತೆ ಒಂದು ದಿನ, "ಎದ್ದೇಳು. ಬಿಲ್ಲು ಹಿಡಿದ್ರೆ ಬೆನ್ನು ನೆಟ್ಟಗಾಗತ್ತಂತೆ. ಹೆಸರು ಬರೆಸಿ ಬಂದಿದೀನಿ," ಎಂದಿದ್ದರು.

ಶೆಡ್ಡು ಒಂದು ಕಾಲದಲ್ಲಿ ಹಗ್ಗ ಹೊಸೆಯುವ ಕಾರ್ಖಾನೆ. ಉದ್ದಕ್ಕೆ ಉದ್ದ, ಕಿಟಕಿ ಕಡಿಮೆ; ದೀಪ ಹೋದರೆ ಹಗಲಲ್ಲೂ ಮಬ್ಬುಗತ್ತಲೆ. ಪಕ್ಕದ ಶೆಡ್ಡಿನಲ್ಲಿ ಏರ್ ರೈಫಲ್ ಅಭ್ಯಾಸ; ಅದರ ಟಪ್ ಟಪ್ ಸದ್ದು ಬೆಳಗಿನಿಂದ ಮಧ್ಯಾಹ್ನದವರೆಗೂ ನಿಲ್ಲುತ್ತಿರಲಿಲ್ಲ. ಮಾಸ್ತರು ಹೊಸಬರಿಗೆ ಮೊದಲ ಎರಡು ವಾರ ಬಾಣ ಮುಟ್ಟಲೂ ಬಿಡುತ್ತಿರಲಿಲ್ಲ. ಎರಡು ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿಸಿ, ದೂರದ ಗಡಿಯಾರ ನೋಡಲು ಹೇಳಿ, ಯಾವ ಕಣ್ಣು ಯಜಮಾನ ಎಂದು ತಿಳಿದುಕೊಂಡ ಮೇಲಷ್ಟೇ ಕೈಗೆ ಬಿಲ್ಲು. ಅವರ ಬಾಯಿಪಾಠದ ಮಾತುಗಳು ಎರಡು. ಒಂದು: "ಹೋದ ಬಾಣ ನೋಡ್ಬೇಡ, ಕೈಲಿರೋದನ್ನ ನೋಡು." ಇನ್ನೊಂದು: "ಬಾಣ ಕಿತ್ತ ತಕ್ಷಣ ತೂತಿಗೆ ಗೀಟು."

ಈ ಗೀಟಿನ ವಿಷಯದಲ್ಲಿ ಅವರು ಬಲು ಬಿಗಿ. ಪ್ರತಿ ಹಲಗೆಗೂ ದಾರ ಕಟ್ಟಿದ ಪೆನ್ಸಿಲ್ ನೇತುಬಿದ್ದಿರುತ್ತಿತ್ತು. ಬಾಣ ಕಿತ್ತ ಮೇಲೆ ಕಾಗದದಲ್ಲಿ ಉಳಿಯುವ ತೂತಿನ ಪಕ್ಕ ಒಂದು ಸಣ್ಣ ಗೆರೆ ಎಳೆಯಬೇಕು. ಗೀಟಿದ್ದರೆ ಆ ತೂತಿನ ಲೆಕ್ಕ ಮುಗಿದಿದೆ ಎಂದರ್ಥ. ಮತ್ತೆ ಅದರ ಕಡೆ ಯಾರೂ ನೋಡುವುದಿಲ್ಲ. ಗೀಟಿಲ್ಲದಿದ್ದರೆ ಬಾಣ ಹಲಗೆಗೆ ಬಡಿದು ಚಿಮ್ಮಿ ಬಿದ್ದಿದೆ ಎಂದರ್ಥ, ಅದಕ್ಕೂ ಅಂಕ ಉಂಟು. ಹೊಸಬರು ಮಾತ್ರ ದಿನವೂ ಮರೆತು ಬೈಸಿಕೊಳ್ಳುತ್ತಿದ್ದರು. ಬೈಗುಳದ ಜೊತೆಗೆ ಮಾಸ್ತರು ಒಂದು ಆಸೆಯನ್ನೂ ತೋರಿಸಿದ್ದರು: "ನಡುವಿನ ಹಳದಿಗೆ ಮೊದಲನೇ ಬಾಣ ಬಿದ್ದ ದಿನ ನೀವ್ಯಾರೂ ಮುಟ್ಟಂಗಿಲ್ಲ. ಆ ಗೀಟು ನಾನೇ ಬಂದು ಹಾಕ್ತೀನಿ."

ಅವತ್ತು ಭಾನುವಾರ ಬೆಳಿಗ್ಗೆ ನಡೆದದ್ದು ಇಷ್ಟು. ಎರಡು ಸುತ್ತು ಮುಗಿದಾಗ ಮಾಸ್ತರು ಸೊಸೆಯ ಹಲಗೆ ನೋಡಿ, "ಕಾಗದ ಜರಡಿ ಮಾಡಿಟ್ಟಿದೀಯಲ್ಲಮ್ಮ! ಬದಲಾಯ್ಸು," ಎಂದರು. ಅವಳು ಹೊಸ ಕಾಗದ ಚುಚ್ಚುವಾಗ ಗುಂಡುಸೂಜಿ ಬೆರಳಿಗೆ ಹೊಕ್ಕಿತು. ಮಾಸ್ತರು ವಾಡಿಕೆಯಂತೆ ಕಾಗದದ ಮೂಲೆಯಲ್ಲಿ ಏನೋ ಗೀಚಿ ಹೋದರು. ಮೂರನೆಯ ಸುತ್ತಿನಲ್ಲಿ ಅವಳು ನಾಲ್ಕನೆಯ ಬಾಣ ಬಿಡುವುದಕ್ಕೂ ದೀಪ ಹೋಗುವುದಕ್ಕೂ ಸರಿಹೋಯಿತು.

ತಕ್ಷಣ ಐದು ಸೀಟಿ, ಅಂದರೆ ಅಪಾಯ, ಎಲ್ಲವೂ ನಿಲ್ಲಲಿ. ಊದಿದವರು ಸೀಟಿ ಮಾಮ. ಬಾಣ ಬಿಡುವ ಗೆರೆಯ ಮೇಲ್ವಿಚಾರಣೆ ಅವರದು. ಮಾಸ್ತರು ಗೆರೆಯ ಪಕ್ಕದ ಮೊಳೆಗೆ ಕೆಂಪು ಬಟ್ಟೆ ನೇತುಹಾಕಿ ಫ್ಯೂಸ್ ಹಾಕಲು ಪರದೆಯ ಹಿಂದೆ ನಡೆದರು. ಬಟ್ಟೆ ಇರುವ ತನಕ ಯಾರೂ ಬಿಲ್ಲು ಮುಟ್ಟುವಂತಿಲ್ಲ. ಉಳಿದವರು ಹೊರಗಿನ ಜಗಲಿಗೆ ಬಂದರು; ಸೀಟಿ ಮಾಮ ನೀರು ಕುಡಿಯಲು, ಕ್ಲಬ್ಬಿನ ಚಾಂಪಿಯನ್ ಕಾರಿನಿಂದ ಟಾರ್ಚ್ ತರಲು ಹೋದರು. ಹತ್ತು ನಿಮಿಷದಲ್ಲಿ ದೀಪ ಬಂತು. ಕೆಂಪು ಬಟ್ಟೆ ಮೊಳೆಯಲ್ಲಿರಲಿಲ್ಲ. ಸೀಟಿ ಮಾಮ ಒಂದು ಸೀಟಿ ಊದಿದರು, ಅಂದರೆ ಬಾಣ ಬಿಡಬಹುದು. ಸೊಸೆ ಉಳಿದ ಎರಡು ಬಾಣ ಬಿಟ್ಟಳು. ಕೊನೆಯದು ಬಿಡುವಾಗ ಬಿಲ್ಲಿನ ಹೆದೆ ಮೊಣಕೈಗೆ ಬಡಿದು ಕಣ್ಣು ಮುಚ್ಚಿಹೋಯಿತು. ಅದು ಎಲ್ಲಿಗೆ ಹೋಯಿತೆಂದು ಅವಳು ನೋಡಲಿಲ್ಲ.

ಈಗ ಅದು ಎಲ್ಲಿಗೆ ಹೋಗಿದೆಯೆಂದು ಎಲ್ಲರೂ ನೋಡಿದ್ದರು.

ಇನ್ಸ್‌ಪೆಕ್ಟರು ಕೆಟ್ಟವರಲ್ಲ. ಮದುವೆಯ ಸೂಟು ಹೊಲಿಸಿಕೊಂಡಾಗಿನಿಂದ ಅವರೂ ಅತ್ತೆಯನ್ನು ಅತ್ತೆ ಎಂದೇ ಕರೆಯುತ್ತಿದ್ದರು. ಫೋಟೊ ತೆಗೆಸಿದರು, ಹೇಳಿಕೆ ಬರೆಸಿಕೊಂಡರು. "ಆಕಸ್ಮಿಕ ಅಂತ ಕಾಣತ್ತೆ. ಆದ್ರೂ ನಿರ್ಲಕ್ಷ್ಯದಿಂದ ಸಾವು ಅಂತ ಕೇಸು ಆಗೇ ಆಗತ್ತೆ, ನಿಮ್ಮ ಮೇಲೆ, ಸೀಟಿ ಊದಿದವರ ಮೇಲೆ. ನಾಳೆ ಹತ್ತು ಗಂಟೆಗೆ ಬಂದು ಸಹಿ ಹಾಕಿ," ಎಂದರು. ಸೀಟಿ ಮಾಮ ಮೂಲೆಯಲ್ಲಿ ಕೂತು ಸೀಟಿಯನ್ನು ಮುಷ್ಟಿಯಲ್ಲಿ ಹಿಚುಕುತ್ತ, "ಬಟ್ಟೆ ಇರ್ಲಿಲ್ಲ ಸಾರ್, ದೇವರಾಣೆ ಇರ್ಲಿಲ್ಲ," ಎಂದು ಗೊಣಗುತ್ತಲೇ ಇದ್ದರು.

ಮನೆಯಲ್ಲಿ ಸೊಸೆ ಗೋಡೆ ನೋಡುತ್ತ ಕೂತಳು. ಅತ್ತೆ ಸಮಾಧಾನ ಹೇಳಲಿಲ್ಲ. ಹೇಳಿದ್ದರೆ ಅವಳಿಗೆ ಇನ್ನೂ ಭಯವಾಗುತ್ತಿತ್ತು.

ಮೂರು ಗಂಟೆಗೆ ಬಾಗಿಲು ತಟ್ಟಿತು. ಬಂದವರು ಕ್ಲಬ್ಬಿನ ಚಾಂಪಿಯನ್. ಒಂದು ದೊಡ್ಡ ಪಂದ್ಯದಲ್ಲಿ, ಚಿಮ್ಮಿ ಬಿದ್ದ ಒಂದು ಬಾಣವನ್ನೂ ಸೇರಿಸಿ, ಮುನ್ನೂರಕ್ಕೆ ಇನ್ನೂರ ತೊಂಬತ್ತೊಂಬತ್ತು ಹೊಡೆದವರು. ಬರುವ ತಿಂಗಳು ಹೊಸ ತರಬೇತಿ ಶಾಲೆಗೆ ಮುಖ್ಯಸ್ಥರಾಗಲಿದ್ದವರು. ಸೊಸೆ ಬಿಟ್ಟು ಬಂದಿದ್ದ ಕೈಚೀಲ ತಂದಿದ್ದರು. ಅವಳ ಹೆಗಲ ಮೇಲೆ ಕೈಯಿಟ್ಟು ಮೆತ್ತಗೆ ಮಾತಾಡಿದರು.

"ನಿನ್ನ ತಪ್ಪಲ್ಲಮ್ಮ. ಹೊಸಬರ ಕೈಯಲ್ಲಿ ಹೀಗೆಲ್ಲ ಆಗತ್ತೆ. ನಾಳೆ ಬೇಗ ಹೋಗಿ ಸಹಿ ಹಾಕ್ಬಿಡು. ಎಳೆದಾಡಿದಷ್ಟೂ ನೋವು."

ಅವರು ಹೋದ ಮೇಲೆ ಅತ್ತೆ ಬಾಗಿಲ ಕಡೆ ನೋಡುತ್ತ, "ಭಾಳ ಒಳ್ಳೆ ಮನುಷ್ಯ," ಎಂದರು. ಅತ್ತೆ ಯಾರನ್ನಾದರೂ ಹೊಗಳಿದರೆ ಸೊಸೆಗೆ ಸಣ್ಣಗೆ ಚಳಿ ಹುಟ್ಟುತ್ತಿತ್ತು.

"ಎದ್ದೇಳು. ಇನ್ಸ್‌ಪೆಕ್ಟರಿಗೆ ಹೇಳಿದೀನಿ. ಶೆಡ್ಡು ತೋರಿಸು."

"ಅಲ್ಲಿಗೆ ನಾನು ಬರಲ್ಲ ಅತ್ತೆ."

"ಬರ್ತೀಯ. ನಿನ್ನ ಕಳಿಸಿದ್ದು ನಾನು. ನೀನು ಕೊಂದಿದ್ರೆ ಅರ್ಧ ಪಾಪ ನಂದು. ನನ್ನ ಪಾಲು ಎಷ್ಟು ಅಂತ ನೋಡ್ಕೋಬೇಡ್ವಾ?" ಆ ಮಾತಿನಲ್ಲಿ ತಮಾಷೆ ಇರಲಿಲ್ಲ, ಅತ್ತೆಯ ಧ್ವನಿ ಒಡೆದಿತ್ತು. ಸೊಸೆ ಎದ್ದಳು.

ಶೆಡ್ಡಿನಲ್ಲಿ ಎಲ್ಲವೂ ಬೆಳಿಗ್ಗೆ ಇದ್ದ ಹಾಗೆಯೇ ಇತ್ತು. ಒಬ್ಬ ಪೇದೆ ಬಾಗಿಲಲ್ಲಿದ್ದ. ಭಾನುವಾರ ಮಧ್ಯಾಹ್ನವಾದ್ದರಿಂದ ರೈಫಲ್ ಸದ್ದು ನಿಂತಿತ್ತು. ಆ ಮೌನವೇ ಹೆಚ್ಚು ಕೆಟ್ಟದ್ದೆನಿಸಿತು. ಒಳಗೆ ಬರುತ್ತಿದ್ದಂತೆ ಅತ್ತೆ ಗೋಡೆಯ ಮೇಲೆ ಚೌಕಾಕಾರದ ಬಿಳಿ ಜಾಗವನ್ನು ಬೆರಳಿನಿಂದ ತೋರಿಸಿದರು.

"ಇಲ್ಲಿ ಏನಿತ್ತು?"

"ಚಾಂಪಿಯನ್ ಅವರ ದಾಖಲೆ ಕಾಗದ, ಕಟ್ಟು ಹಾಕಿಸಿ ಇಟ್ಟಿದ್ರು. ಹೋದ ವಾರ ಗಾಜು ಒಡೀತು ಅಂತ ಮಾಸ್ತರೇ ಇಳಿಸಿದ್ರು."

ಉಗ್ರಾಣದಲ್ಲಿ ಗರಿಯಣ್ಣ ಸಿಕ್ಕಿದ. ಬಾಣಗಳಿಗೆ ಗರಿ ಅಂಟಿಸುವುದು, ಬಿಲ್ಲು ರಿಪೇರಿ ಅವನ ಕೆಲಸ. ಬೆಳಿಗ್ಗೆ ದೀಪ ಹೋದಾಗ ಎಲ್ಲಿದ್ದೆ ಎಂದು ಅತ್ತೆ ಕೇಳಿದರು.

"ಹಿತ್ತಲಿಗೆ ಹೋಗಿದ್ದೆ. ಕತ್ತಲಲ್ಲಿ ಅಂಟು ಹಚ್ಚೋಕಾಗತ್ತಾ? ನನ್ನ ಬಾಗಿಲು ಆ ಓಣಿಗೇ ತೆರೆಯತ್ತೆ, ಗೊತ್ತು. ಎಲ್ರೂ ನನ್ನನ್ನೇ ನೋಡ್ತಿದಾರೆ. ಹಿತ್ತಲಲ್ಲಿ ನನ್ನ ನೋಡಿದ್ದು ಒಂದು ಬೆಕ್ಕು ಮಾತ್ರ."

"ಮಾಸ್ತರು ಇಳಿಸಿದ ಕಟ್ಟು?"

"ಗಾಜು ಹಾಕೋಕೆ ನನಗೇ ಕೊಟ್ರು. ಕಾಗದ ಮಾತ್ರ ತೆಗೆದು ಕಿಟಕಿಗೆ ಹಿಡಿದು ತುಂಬಾ ಹೊತ್ತು ನೋಡಿ ತಮ್ಮ ಚೀಲಕ್ಕೆ ಹಾಕ್ಕೊಂಡ್ರು. ಆಮೇಲೆ ಒಂದು ವಾರ ಯಾರ ಜೊತೇನೂ ಸರಿಯಾಗಿ ಮಾತಾಡ್ಲಿಲ್ಲ."

ಆಗ ಸೊಸೆಗೆ ಮರೆತದ್ದೊಂದು ನೆನಪಾಯಿತು. ಬೆಳಿಗ್ಗೆ ಕಚೇರಿ ಕೋಣೆಯ ಮುಂದೆ ಹಾದುಹೋಗುವಾಗ ಮಾಸ್ತರ ದನಿ ಕೇಳಿಸಿತ್ತು: "ಸಂಜೆ ಸಮಿತಿ ಮುಂದೆ ಇಡ್ತೀನಿ. ಅಷ್ಟರೊಳಗೆ ನೀನೇ ಹೇಳಿದ್ರೆ ಮರ್ಯಾದೆ." ಒಳಗೆ ಇನ್ನೊಬ್ಬರಿದ್ದರು. ಯಾರೆಂದು ಕಾಣಲಿಲ್ಲ.

ಅತ್ತೆ ಸೊಸೆಯ ಹಲಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಕಾಗದವನ್ನು ಬಟ್ಟೆಯ ನೇಯ್ಗೆ ನೋಡುವ ಹಾಗೆ ನೋಡಿದರು. ಐದು ಬಾಣಗಳು ಬಿಳಿ, ಕಪ್ಪು, ನೀಲಿ ಉಂಗುರಗಳಲ್ಲಿ ಚೆಲ್ಲಾಪಿಲ್ಲಿಯಾಗಿ ನಿಂತಿದ್ದವು. ನಡುವಿನ ಹಳದಿಯಲ್ಲಿ ಗೀಟು ಬಿದ್ದ ಒಂದು ತೂತು.

"ನೀನು ಇದನ್ನ ಮುಟ್ಟಿದ್ಯಾ?"

"ಇಲ್ಲ. ಬಾಣ ಕೀಳೋದಕ್ಕೆ ಮುಂಚೇನೇ ಹಿಂದೆ ಹೋದೆ."

"ಬೆರಳಲ್ಲಿ ಏನದು ಗಾಯ?"

"ಕಾಗದ ಬದಲಾಯಿಸುವಾಗ ಸೂಜಿ ಚುಚ್ಚಿತು."

"ಹ್ಞೂಂ," ಎಂದರು ಅತ್ತೆ. ಆಮೇಲೆ ಒಂದು ಗಂಟೆ ಉಗ್ರಾಣದ ರದ್ದಿಯಲ್ಲಿ ಕೂತು, ಎಲ್ಲರ ಹಳೆಯ ಗುರಿಕಾಗದಗಳನ್ನು ಒಂದೊಂದಾಗಿ ತಿರುವಿದರು. ಪ್ರತಿ ಕಾಗದದ ಮೂಲೆಯಲ್ಲೂ ಮಾಸ್ತರ ಕೈಬರಹದಲ್ಲಿ ಬಿಟ್ಟವರ ಹೆಸರು, ದಿನ, ಸುತ್ತು. ಕೊನೆಗೆ ಧೂಳು ಕೊಡವಿಕೊಂಡು ಎದ್ದು, ಪೇದೆಯ ಫೋನಿನಿಂದ ಇನ್ಸ್‌ಪೆಕ್ಟರಿಗೆ ಏನೋ ಪಿಸುಗುಟ್ಟಿದರು.

"ಅತ್ತೆ, ಏನು ಗೊತ್ತಾಯ್ತು?"

"ನಾಳೆ ಒಂಬತ್ತಕ್ಕೆ ಎಲ್ರೂ ಇಲ್ಲಿ ಸೇರ್ತಾರೆ. ಇವತ್ತು ಉಂಡು ಮಲಗು. ಉಣ್ಣದಿದ್ರೆ ನಾನು ಏನೂ ಹೇಳಲ್ಲ."

ಸೊಸೆ ಉಂಡಳು. ಮಲಗಿದಳು. ನಿದ್ದೆ ಬರಲಿಲ್ಲ.

ಮರುದಿನ ಒಂಬತ್ತಕ್ಕೆ ಶೆಡ್ಡಿನಲ್ಲಿ ಐದು ಜನ ಸೇರಿದ್ದರು: ಸೀಟಿ ಮಾಮ, ಗರಿಯಣ್ಣ, ದಂತವೈದ್ಯೆ, ಚಾಂಪಿಯನ್, ಇನ್ಸ್‌ಪೆಕ್ಟರ್. ಸೊಸೆಯ ಹಲಗೆಯನ್ನು ಬಟ್ಟೆ ಹೊದೆಸಿ ಪಕ್ಕಕ್ಕೆ ಸರಿಸಿದ್ದರು. ಬೇರೆ ನಾಲ್ಕು ಹಲಗೆಗಳಲ್ಲಿ ಹೊಸ ಕಾಗದ. ಪ್ರತಿಯೊಂದರಲ್ಲೂ ಮೂರು ಮೂರು ಬಾಣ, ಒಂದು ಹಳದಿಯಲ್ಲಿ, ಎರಡು ಅಂಚಿನಲ್ಲಿ.

ಅತ್ತೆ ಕೈ ಮುಗಿದರು. "ನನ್ನ ಸೊಸೆ ಬಡಕಲು. ಅವಳು ಬಿಟ್ಟ ಬಾಣ ಒಬ್ಬ ಗಟ್ಟಿ ಗಂಡಸನ್ನ ಕೊಲ್ಲತ್ತೆ ಅಂದ್ರೆ ನನ್ನ ತಲೆಗೆ ಹೋಗ್ತಿಲ್ಲ. ನಾಟಿದ ಬಾಣ ಕೀಳೋಕೆ ಎಷ್ಟು ಬಲ ಬೇಕು ಅಂತ ನೋಡ್ಬೇಕು. ಮುದುಕಿ ಹಠ ಅನ್ಕೊಳ್ಳಿ. ಒಬ್ಬೊಬ್ರು ಒಂದೊಂದು ಹಲಗೆಯಿಂದ ಒಂದೇ ಒಂದು ಬಾಣ ಕಿತ್ತು ನನ್ನ ಕೈಗೆ ಕೊಡಿ."

ಚಾಂಪಿಯನ್ ಮುಖದಲ್ಲಿ ಸಣ್ಣ ನಗು ಬಂತು. ಇನ್ಸ್‌ಪೆಕ್ಟರು ಗಡಿಯಾರ ನೋಡಿಕೊಂಡರು.

ದಂತವೈದ್ಯೆ ಮೊದಲು ಹೋಗಿ ಕೈಗೆ ಹತ್ತಿರವಿದ್ದ ಅಂಚಿನ ಬಾಣ ಕಿತ್ತು, ಹೊಸಬಳಾದ್ದರಿಂದ ಗೀಟು ಮರೆತು, ತಂದುಕೊಟ್ಟಳು. ಸೀಟಿ ಮಾಮ ಹಳದಿಯಲ್ಲಿದ್ದುದನ್ನು ಕಿತ್ತರು. ಎಡಗೈ ತಾನಾಗಿ ಪೆನ್ಸಿಲ್ ಹಿಡಿದು ತೂತಿಗೆ ಒಂದು ಗೀಟು ಹಾಕಿತು. ಗರಿಯಣ್ಣನೂ ಹಳದಿಯದನ್ನೇ ಕಿತ್ತ, ಒಂದು ಗೀಟು. ಚಾಂಪಿಯನ್ ಎಲ್ಲರಿಗಿಂತ ಸಲೀಸಾಗಿ ಹಳದಿಯ ಬಾಣ ಎಳೆದರು. ಪೆನ್ಸಿಲ್ ಕೈಗೆ ಬಂತು. ತೂತಿನ ಆಚೆ ಒಂದು, ಈಚೆ ಒಂದು, ಎರಡು ಗೀಟು. ಬಾಣವನ್ನು ಅತ್ತೆಯ ಕೈಗಿಟ್ಟು, "ಇಷ್ಟೇ ಬಲ ಸಾಕು," ಎಂದರು.

"ಸಾಕು," ಎಂದರು ಅತ್ತೆ. "ಇನ್ನು ಬಟ್ಟೆ ತೆಗೀರಿ ಇನ್ಸ್‌ಪೆಕ್ಟರೇ."

ಸೊಸೆಯ ಹಲಗೆ ಬೆಳಕಿಗೆ ಬಂತು. ಐದು ಬಾಣ, ಹಳದಿಯಲ್ಲಿ ಒಂದು ಖಾಲಿ ತೂತು. ಅದರ ಆಚೆ ಒಂದು ಗೀಟು, ಈಚೆ ಒಂದು ಗೀಟು.

ಕ್ಷಣ ಹೊತ್ತು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಸೀಟಿ ಮಾಮನ ಕೈಯಿಂದ ಸೀಟಿ ಜಾರಿ ನೆಲಕ್ಕೆ ಬಿತ್ತು.

"ನೀವೆಲ್ಲ ಇದನ್ನ ನಿನ್ನೆ ನೋಡಿದ್ರಿ," ಎಂದರು ಅತ್ತೆ. "ನೋಡಿಯೂ ನೋಡ್ಲಿಲ್ಲ. ಗೀಟು ಬಿದ್ದ ತೂತು ನಿಮ್ಮ ಪಾಲಿಗೆ ಮುಗಿದ ಲೆಕ್ಕ. ನನಗೆ ಬಿಲ್ಲು ಗೊತ್ತಿಲ್ಲ, ಅದಕ್ಕೇ ಕಾಣಿಸ್ತು. ಈ ಕಾಗದ ಮೂರನೇ ಸುತ್ತಿಗೆ ಹೊಸದಾಗಿ ಹಾಕಿದ್ದು. ಆ ಸುತ್ತಿನ ಬಾಣ ಯಾರೂ ಇನ್ನೂ ಕಿತ್ತೇ ಇಲ್ಲ. ಹಂಗಿರುವಾಗ ಕಿತ್ತ ತೂತು ಎಲ್ಲಿಂದ ಬಂತು, ಅದಕ್ಕೆ ಗೀಟು ಎಲ್ಲಿಂದ ಬಂತು?"

"ಹೊಸ ಕಾಗದ ಅಂತ ಹೇಳಿದ್ದು ಇವಳು ತಾನೆ?" ಎಂದರು ಚಾಂಪಿಯನ್. ನಗು ಇನ್ನೂ ಇತ್ತು, ಆದರೆ ಅದಕ್ಕೆ ಜೀವ ಇರಲಿಲ್ಲ. "ಅವಳು ಏನ್ ಬೇಕಾದ್ರೂ ಹೇಳ್ತಾಳೆ."

"ಸತ್ತವರೇ ಹೇಳ್ತಿದಾರೆ. ಮೂಲೆ ಓದಿ ಇನ್ಸ್‌ಪೆಕ್ಟರೇ."

ಇನ್ಸ್‌ಪೆಕ್ಟರು ಬಗ್ಗಿ ಓದಿದರು: "ಪತ್ತೆ ಅತ್ತೆ ಸೊಸೆ. ಭಾನುವಾರ. ಮೂರನೇ ಸುತ್ತು."

"ಆರು ತೂತು, ಐದು ಬಾಣ. ಅಂದ್ರೆ ಅವಳ ಆರೂ ಬಾಣ ಹಲಗೆಗೇ ಬಿದ್ದಿವೆ. ಒಂದೂ ಪರದೆ ದಾಟಿಲ್ಲ." ಅತ್ತೆ ಸೊಸೆಯ ಕಡೆ ತಿರುಗಿ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದರು. "ಕೇಳಿಸ್ತಾ? ಒಂದೂ ದಾಟಿಲ್ಲ."

ಸೊಸೆ ಹಲಗೆಯ ಕಡೆ ತಿರುಗಿ ತೂತುಗಳನ್ನು ಎಣಿಸಿದಳು. ಆರು.

ಅತ್ತೆ ಮುಂದುವರಿಸಿದರು. "ದೀಪ ಹೋದಾಗ ಅವಳ ನಾಲ್ಕು ಬಾಣ ಹಲಗೆಯಲ್ಲಿದ್ವು. ಎಲ್ರೂ ಜಗಲಿಗೆ ಹೋದ್ರು. ಸೀಟಿಯವರು ನೀರು ಕುಡಿಯೋಕೆ ಹೋದ್ರು. ಟಾರ್ಚ್ ತರ್ತೀನಿ ಅಂತ ಕಾರಿಗೆ ಹೋದವರು ಒಬ್ರು; ಟಾರ್ಚ್ ಮಾತ್ರ ಬರ್ಲಿಲ್ಲ. ಆ ಮನುಷ್ಯ ಮಬ್ಬಿನಲ್ಲಿ ಈ ಹಲಗೆಗೆ ಬಂದ. ಇದೇ ಹಲಗೆ ಯಾಕೆ? ಪಕ್ಕದಲ್ಲೇ ಪರದೆ ಹರಿದಿದೆ. ಬಿಟ್ಟವಳು ಎಲ್ಲರಿಗಿಂತ ಹೊಸಬಳು, ತಪ್ಪು ಹೊರೋಕೆ ಬಡಪಾಯಿ. ಬಾಣ ಕಿತ್ತ, ಹಿಂದೆ ಹೋಗಿ ಮಾಸ್ತರಿಗೆ ಕೈಯಿಂದಲೇ ಚುಚ್ಚಿದ. ಪಕ್ಕದ ಶೆಡ್ಡಿನ ಟಪ್ ಟಪ್ ಸದ್ದಲ್ಲಿ ಕೂಗು ಕೇಳಿಸ್ಲಿಲ್ಲ. ದೀಪ ಹಾಕಿದ್ದು ಮಾಸ್ತರಲ್ಲ, ಆ ಕೈಯೇ. ವಾಪಸ್ ಬರುವಾಗ ಕೆಂಪು ಬಟ್ಟೆ ತೆಗೆದ. ದೀಪ ಬಂತು, ಬಟ್ಟೆ ಹೋಯ್ತು, ಹಾಗಾದ್ರೆ ಮಾಸ್ತರು ಕ್ಷೇಮ ಅಂತ ಎಲ್ರೂ ತಿಳಿದ್ರು. ಸೀಟಿಯವರೇ, ನಿಮ್ಮ ತಪ್ಪೂ ಏನಿಲ್ಲ."

ಸೀಟಿ ಮಾಮ ಮುಖ ಮುಚ್ಚಿಕೊಂಡರು.

"ಎಲ್ಲಾ ಸರಿ ಹೊಲಿದ," ಎಂದರು ಅತ್ತೆ. "ಒಂದೇ ಒಂದು ಹೊಲಿಗೆ ಬಿಚ್ಚಿಕೊಳ್ತು. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ಕಲಿತ ಗುಣವೂ ಅಷ್ಟೇ. ಬಾಣ ಕಿತ್ತ ಕೈ ಗೀಟು ಹಾಕದೆ ಬಿಡ್ಲಿಲ್ಲ. ಹಳಬರೆಲ್ಲ ಅಂಕ ಹೇಳುವಾಗ ದೊಡ್ಡದರಿಂದ ಶುರು ಮಾಡ್ತಾರೆ, ಅದಕ್ಕೇ ಕೈ ಹಳದಿಯ ಬಾಣಕ್ಕೇ ಹೋಯ್ತು. ಹೊಸಬರು ಗೀಟು ಮರೀತಾರೆ. ಹಳಬರು ಒಂದು ಹಾಕ್ತಾರೆ. ಎರಡು ಹಾಕೋರು ಈ ಕ್ಲಬ್ಬಲ್ಲಿ ಒಬ್ರೇ. ಉಗ್ರಾಣದ ರದ್ದಿ ಪೂರ್ತಿ ನೋಡಿದೀನಿ. ಸೀಮೆಸುಣ್ಣದ ಗೆರೆ ನೋಡಿ ಯಾವ ದರ್ಜಿ ಕೈ ಅಂತ ಹೇಳ್ತಿದ್ದವಳು ನಾನು."

"ಎರಡು ಗೀಟು ಹಾಕೋದು ಅಪರಾಧನಾ?" ಚಾಂಪಿಯನ್ ದನಿ ಏರಿತು. "ಶಿಸ್ತು ಅದು!"

"ಶಿಸ್ತಲ್ಲ, ಹೆದರಿಕೆ." ಅತ್ತೆ ಕೈ ಚಾಚಿದರು. ಇನ್ಸ್‌ಪೆಕ್ಟರು ಮಾಸ್ತರ ಚೀಲದಿಂದ ಒಂದು ಹಳೆಯ ಗುರಿಕಾಗದ ತೆಗೆದು ಕೊಟ್ಟರು. ಅತ್ತೆ ಅದನ್ನು ಬೆಳಕಿಗೆ ಓರೆಯಾಗಿ ಹಿಡಿದರು. "ನಿಮ್ಮ ದಾಖಲೆ ಕಾಗದ. ಆ ಪಂದ್ಯದಲ್ಲಿ ನಿಮ್ಮ ಒಂದು ಬಾಣ ಹಲಗೆಗೆ ಬಡಿದು ಚಿಮ್ಮಿ ಬಿತ್ತು ಅಂದ್ರಿ. ಸಾಕ್ಷಿಗೆ ಹಳದಿಯಲ್ಲಿ ಗೀಟಿಲ್ಲದ ತೂತು ತೋರ್ಸಿದ್ರಿ. ಹತ್ತು ಅಂಕ ಸಿಕ್ತು. ಇಲ್ಲಿ ನೋಡಿ, ಆ ತೂತಿನ ಪಕ್ಕ ಪೆನ್ಸಿಲ್ ಒತ್ತಿದ ಹಳ್ಳ ಇದೆ, ಗೆರೆ ಇಲ್ಲ. ಅದು ಆಗಲೇ ಲೆಕ್ಕ ಮುಗಿದ ಹಳೇ ತೂತು; ಗೀಟು ಇತ್ತು, ಉಜ್ಜಿ ಅಳಿಸಿದೀರಿ. ಗಾಜು ಇರೋ ತನಕ ಕಾಣ್ತಿರ್ಲಿಲ್ಲ. ಗಾಜು ಒಡೆದ ದಿನ ಮಾಸ್ತರಿಗೆ ಕಂಡ್ತು. ಒಂದು ಗೀಟು ಅಳಿಸಿದ ಮನುಷ್ಯ ಆಮೇಲೆ ಜೀವಮಾನವೆಲ್ಲ ಎರಡೆರಡು ಎಳೆದ, ಯಾರೂ ಅನುಮಾನ ಪಡದಿರಲಿ ಅಂತ."



"ಫ್ಯೂಸ್ ಹಿಡಿ ಬೆರಳಚ್ಚಿಗೆ ಕಳಿಸಿದೀವಿ," ಎಂದರು ಇನ್ಸ್‌ಪೆಕ್ಟರ್. "ನಿಮ್ಮ ಬಲಗೈ ಸ್ವಲ್ಪ ಕೊಡ್ತೀರಾ?"

ಚಾಂಪಿಯನ್ ಬಲಗೈಯನ್ನು ಬೆನ್ನ ಹಿಂದೆ ಎಳೆದುಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಅದು ತಮಗೇ ಅರಿವಾದಾಗ ಅವರ ಮುಖ ಕುಸಿಯಿತು.

"ಒಂದೇ ಒಂದು ಬಾಣ," ಎಂದರು, ಯಾರಿಗೂ ಅಲ್ಲದಂತೆ. "ಹದಿನಾರು ವರ್ಷದ ಹಿಂದಿನ ಒಂದು ಬಾಣ. ಮಿಕ್ಕಿದ್ದೆಲ್ಲ ನಾನೇ ಹೊಡೆದದ್ದು. ಎಷ್ಟು ಬೇಡಿಕೊಂಡೆ. 'ನೀನೇ ಹೇಳು, ಇಲ್ಲಾಂದ್ರೆ ನಾನು ಹೇಳ್ತೀನಿ' ಅಂದ್ರು. ಕತ್ತಲಲ್ಲಿ ಫ್ಯೂಸ್ ಹುಡುಕ್ತಿದ್ರು. ನನ್ನ ಹೆಜ್ಜೆ ಕೇಳಿ 'ಹೇಳ್ತೀಯೇನೋ' ಅಂತ ಕೇಳಿದ್ರು. ತಿರುಗಿ ಕೂಡ ನೋಡ್ಲಿಲ್ಲ."

ಸೊಸೆ ಅವರ ಮುಂದೆ ಬಂದು ನಿಂತಳು. ಎರಡು ದಿನದಲ್ಲಿ ಮೊದಲ ಬಾರಿಗೆ ಅವಳ ಬೆನ್ನು ನೆಟ್ಟಗಿತ್ತು.

"ನಿನ್ನೆ ನನ್ನ ಹೆಗಲ ಮೇಲೆ ಕೈ ಇಟ್ರಲ್ಲ," ಎಂದಳು. "ಅದೇ ಕೈ."

 ಇನ್ಸ್‌ಪೆಕ್ಟರು ಅವರನ್ನು ಕರೆದುಕೊಂಡು ಹೋದರು. ಸಹಿಗೆಂದು ತಂದಿದ್ದ ಸೊಸೆಯ ಹೇಳಿಕೆಯನ್ನು ಹೋಗುವ ಮುನ್ನ ನಾಲ್ಕು ಚೂರು ಮಾಡಿ ಅತ್ತೆಯ ಕೈಗಿಟ್ಟರು.

ಎಲ್ಲರೂ ಹೊರಗೆ ಹೋದ ಮೇಲೂ ಸೊಸೆ ಹಲಗೆಯ ಮುಂದೆಯೇ ನಿಂತಿದ್ದಳು.

"ನಡಿ, ಮನೆಗೆ ಹೋಗೋಣ," ಎಂದರು ಅತ್ತೆ.

"ಅತ್ತೆ, ಈ ಹಳದಿಯ ತೂತು... ಇದು ನಂದೇನಾ?"

"ಮತ್ತೆ ಯಾರದ್ದು? ನಿನ್ನ ನಾಲ್ಕನೇದು. ದೀಪ ಹೋಗಿ ಎಲ್ಲಿ ಬಿತ್ತು ಅಂತ ನೀನು ನೋಡ್ಲಿಲ್ವಲ್ಲ, ಅದು."

"ನನ್ನ ಮೊದಲನೇ ಹಳದಿ." ಸೊಸೆ ತೂತಿನ ಹತ್ತಿರ ಬಗ್ಗಿದಳು. "ಆ ಗೀಟು ಮಾಸ್ತರು ಹಾಕ್ಬೇಕಿತ್ತು ಅತ್ತೆ. ನಾನೇ ಬಂದು ಹಾಕ್ತೀನಿ ಅಂದಿದ್ರು."

ಆಗ ಅವಳು ಅತ್ತಳು. ಎರಡು ದಿನ ಅತ್ತಿರಲಿಲ್ಲ. ಕೊಂದವಳಿಗೆ ಸತ್ತವರಿಗಾಗಿ ಅಳುವ ಹಕ್ಕಿಲ್ಲ ಎಂದುಕೊಂಡಿದ್ದಳು. ಯಾರ ಕಣ್ಣನ್ನೂ ಎಂದೂ ಒರೆಸದ ಅತ್ತೆ ತಮ್ಮ ಸೆರಗಿನಲ್ಲೇ ಅವಳ ಮುಖ ಒರೆಸಿದರು.

"ಹೋದ ಬಾಣ ನೋಡ್ಬೇಡ ಅಂತಿದ್ರಂತಲ್ಲ ನಿಮ್ಮ ಮಾಸ್ತರು?"

"ಅಂತಿದ್ರು," ಎಂದಳು ಸೊಸೆ. "ಇದೊಂದನ್ನ ನೋಡ್ತೀನಿ. ಸ್ವಲ್ಪ ಹೊತ್ತು ಇರಿ."

ಅತ್ತೆ ಬೆಂಚಿನ ಮೇಲೆ ಕೂತು ಕಾದರು. ಪಕ್ಕದ ಶೆಡ್ಡಿನಲ್ಲಿ ಯಾರೋ ಹೊಸಬರು ಬಂದಿದ್ದರು. ಟಪ್ ಎಂದು ಒಂದು ಸದ್ದು, ತುಂಬಾ ಹೊತ್ತಿನ ಮೇಲೆ ಇನ್ನೊಂದು.